ರೇಣವ್ವನ ಆಕಳು ನಮ್ಮ ಹೊಲಕ್ಕೆ ಬಂದ ದಿನ

ರೇಣವ್ವ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದವಳು ನಾನು. ಇಷ್ಟನ್ನು ಬಾಯಿಬಿಟ್ಟು ಹೇಳಲು ನನಗೆ ಇಪ್ಪತ್ತು ವರ್ಷ ಬೇಕಾಯಿತು — ಬೇಕಾಯಿತು ಎನ್ನುವುದೂ ಸರಿಯಲ್ಲ. ಅಷ್ಟು ವರ್ಷ ನಾನೇ ಸುಮ್ಮನಿದ್ದೆ.

ದೇವಣಗಾಂವದಲ್ಲಿ ಹೊಳೆಯ ಕಡೆಗೆ ನಮ್ಮ ಹೊಲ. ಯಜಮಾನರು ಸಿಂದಗಿಯಲ್ಲಿ ನೌಕರಿಗಿದ್ದರು. ಹೊಲದ ಉಸ್ತುವಾರಿ ನನ್ನದು. ಬದುವಿನ ಆಚೆಗೆ ಮಾಳಪ್ಪನ ಹೊಲ. ಅವನ ತಾಯಿ ನಿಂಗವ್ವ, ಹೆಂಡತಿ ರೇಣವ್ವ, ವರ್ಷ ತುಂಬದ ಹೆಣ್ಣು ಕೂಸು, ಒಂದು ಕೆಂಪು ಆಕಳು — ಅವರ ಸಂಸಾರ ಅಷ್ಟೇ.

ಆ ಆಕಳಿಗೆ ನಮ್ಮ ಹೊಲದ ರುಚಿ ಹತ್ತಿಬಿಟ್ಟಿತ್ತು. ತೊಗರಿ ಹೂವಾಡಿದಾಗ ಬರುತ್ತಿತ್ತು, ಕಡಲೆ ಕಾಯಿ ಕಟ್ಟಿದಾಗ ಬರುತ್ತಿತ್ತು. ಬದುವಿನುದ್ದಕ್ಕೂ ಜಾಲಿಮುಳ್ಳು ಹಚ್ಚಿಸಿದೆ; ಕೋಡಿನಿಂದ ಮುಳ್ಳು ಸರಿಸಿಕೊಂಡು ಬಂತು. ನಿಂಗವ್ವನಿಗೆ ಹೇಳಿದರೆ ನಕ್ಕುಬಿಡುತ್ತಿದ್ದಳು. “ದನಕ್ಕೇನ್ ಹೊಲದ ಉತಾರದ ಕಾಗದ ಓದಾಕ ಬರತೈತೇನ್ರಿ ಅವ್ವಾರ?” ಹಿರಿಯರ ಮುಂದೆ ಮಾತು ಇಟ್ಟೆ. ಬಾಜೂ ಹೊಲದವರು, ಹೊಂದಿಕೊಂಡು ಹೋಗ್ರಿ ಎಂದು ಅವರೂ ಎದ್ದು ಹೋದರು. ಹೊಲ ಮೇಯುವ ದನಗಳನ್ನು ಕೂಡಿಹಾಕುವ ಕೊಂಡವಾಡದ ಗೋಡೆಯಂತೂ ಬಿದ್ದು ಎಷ್ಟೋ ಕಾಲವಾಗಿತ್ತು. ನನ್ನ ಸಿಟ್ಟಿನಲ್ಲಿ ನ್ಯಾಯವಿತ್ತು. ನ್ಯಾಯವಿದ್ದುದರಿಂದಲೇ ಅದು ಅಷ್ಟು ದೂರ ಹೋಯಿತೇನೋ —

ಆ ವರ್ಷ ಮುಂಗಾರಿಗೆ ಮೇವಿಗೆಂದು ಜೋಳ ಬಿತ್ತಿಸಿದ್ದೆ. ಪೈರು ಮೊಣಕಾಲುದ್ದ ಬಂದಾಗ ಮಳೆ ಕೈಕೊಟ್ಟಿತು. ಎಲೆಗಳು ಬಾಡಿ ಸುರುಳಿ ಸುತ್ತಿಕೊಂಡವು. ಹಾಗೆ ಬಾಡಿದ ಎಳೆ ಜೋಳ ದನಕ್ಕೆ ವಿಷ. ಈ ಸೀಮೆಯಲ್ಲಿ ಒಕ್ಕಲುತನ ಮಾಡುವ ಎಲ್ಲರಿಗೂ ಅದು ಗೊತ್ತು. ನಮ್ಮ ಎತ್ತುಗಳನ್ನು ನಾನು ಆ ಕಡೆ ಸುಳಿಯಗೊಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ರೇಣವ್ವ ಕೂಸನ್ನು ಎದೆಗೆ ಅವಚಿಕೊಂಡು ಬದುವಿನ ಹತ್ತಿರ ಓಡಿ ಬಂದಳು.

“ಅವ್ವಾರ, ಕೂಸಿನ ಮೈ ಕೆಂಡ ಆಗೇತ್ರಿ. ಅತ್ತಿ, ಅವರು ಇಬ್ಬರೂ ಮೋರಟಗಿಗೆ ಹೋಗ್ಯಾರ. ಮನಿಗೆ ಒಯ್ದು ತಣ್ಣೀರ ಪಟ್ಟಿ ಹಾಕ್ತೇನ್ರಿ. ಆಕಳ ಕಡೆ ಒಂದೀಟು ಲಕ್ಷ್ಯ ಇಡ್ರಿ, ಗೂಟ ಸಡ್ಲ ಐತಿ.”

“ಹೂಂ, ಹೋಗು. ನಾ ನೋಡ್ಕೋತೇನಿ,” ಎಂದೆ.

ಆ ಕ್ಷಣಕ್ಕೆ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವಳು ಮರೆಯಾದ ಮೇಲೆ ಆಕಳು ಗೂಟ ಕಿತ್ತಿತು. ಹಗ್ಗ ಎಳೆದುಕೊಂಡು, ಮುಳ್ಳಿನ ಸಂದಿಯಲ್ಲಿ ತೂರಿ, ನೆಟ್ಟಗೆ ಜೋಳಕ್ಕೆ ಬಾಯಿ ಹಾಕಿತು. ನಾನು ಬೇವಿನ ನೆರಳಲ್ಲಿ ಕೂತಿದ್ದೆ. ಏಳಲು ನೆಲಕ್ಕೆ ಕೈ ಊರಿದೆ — ಏಳಲಿಲ್ಲ. ತಿನ್ನಲಿ, ಒಮ್ಮೆ ಬುದ್ಧಿ ಬರಲಿ ಅನ್ನಿಸಿತು. ಯಾರಿಗೆ ಬುದ್ಧಿ? ನಕ್ಕಿದ್ದ ನಿಂಗವ್ವನಿಗೆ? ಎದ್ದು ಹೋಗಿದ್ದ ಹಿರಿಯರಿಗೆ? ಅದು ಸಾಯುತ್ತದೆ ಎಂದುಕೊಂಡಿರಲಿಲ್ಲ ಎಂದು ಬಹಳ ಕಾಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇಲ್ಲ. ನನಗೆ ಗೊತ್ತಿತ್ತು. ಬುತ್ತಿಯ ಗಂಟು ಕಟ್ಟಿಕೊಂಡು, ಆ ಕಡೆ ನೋಡದೆ ಮನೆಗೆ ಹೋದೆ.

ಸಂಜೆ ಹೊತ್ತಿಗೆ ಕೂಗು ಕೇಳಿ ಹೊಲಕ್ಕೆ ಬಂದರೆ ಆಕಳು ಬದುವಿನ ಮೇಲೆ ಕಾಲು ಚಾಚಿ ಬಿದ್ದಿತ್ತು. ದನದ ಡಾಕ್ಟರು ಬರುವುದರೊಳಗೆ ಪ್ರಾಣ ಹೋಗಿತ್ತು. ಬಾಯಿ ತೆರೆದು ನೋಡಿ, ಎಳೆ ಜೋಳ ತಿಂದದ ಎಂದರು. ಮೋರಟಗಿಯಿಂದ ಆಗಷ್ಟೇ ಬಂದಿದ್ದ ನಿಂಗವ್ವ ಸೊಸೆಯ ಕಡೆ ತಿರುಗಿದಳು. “ನೀ ಎಲ್ಲಿ ಹೋಗಿದ್ದೀ?”

“ಕೂಸಿಗೆ ಜ್ವರ ಬಂದಿತ್ತು, ಮನಿಗೆ ಹೋಗಿದ್ನಿ. ಅವ್ವಾರಿಗೆ ಹೇಳೇ ಹೋಗಿದ್ನಿ.”

ಸೇರಿದ ಮಂದಿಯೆಲ್ಲ ನನ್ನ ಮುಖ ನೋಡಿದರು.

“ನನಗ ಯಾರೂ ಏನೂ ಹೇಳಿಲ್ಲ,” ಎಂದೆ. “ನಾ ಆ ಹೊತ್ತಿನ್ಯಾಗ ಹೊಲದಾಗ ಇರ್ಲೇ ಇಲ್ಲ.”

ರೇಣವ್ವ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ — ತಾನು ಕೇಳಿಸಿಕೊಂಡದ್ದು ಸರಿಯೋ ತಪ್ಪೋ ಎಂದು ತಿಳಿಯದವಳ ಹಾಗೆ. ಆಮೇಲೆ ತಲೆ ತಗ್ಗಿಸಿದಳು. ನನ್ನ ಮಾತಿನ ಎದುರು ತನ್ನ ಮಾತು ನಿಲ್ಲುವುದಿಲ್ಲ ಎಂಬುದು ಅವಳಿಗೆ ತಿಳಿದಿತ್ತು. ನನಗೂ ತಿಳಿದಿತ್ತು. ಅದನ್ನು ನಂಬಿಯೇ ನಾನು ಹಾಗೆ ಹೇಳಿದ್ದು.

ಅವಳನ್ನು ತವರಿಗೆ, ಅಗರಖೇಡಕ್ಕೆ ಕಳಿಸಿದರು. ದೀಪಾವಳಿ ಹೊತ್ತಿಗೆ ಅವಳ ಅಣ್ಣ ಕರೆತಂದು ಕೈಮುಗಿದು ಬಿಟ್ಟುಹೋದ. ಅಲ್ಲಿಂದ ಆ ಮನೆಯಲ್ಲಿ ಹಾಲು ಒಡೆದರೂ, ಕೋಳಿ ಕಳೆದರೂ ಒಂದೇ ಮಾತು: “ಅವ್ವಾರ ಮ್ಯಾಲೇ ಸುಳ್ಳ ಹಾಕಿದಾಕಿ, ಈಕಿ ಮಾತ ಯಾರ ನಂಬ್ತಾರ?” ಬದುವಿನ ಈಚೆ ಕಳೆ ತೆಗೆಸುತ್ತ ನಿಂತಾಗ ಅದು ನನಗೂ ಕೇಳುತ್ತಿತ್ತು. ಕೇಳಿದರೂ ಕೇಳದವಳ ಹಾಗೆ ಇರುತ್ತಿದ್ದೆ.

ಇನ್ನು ನನಗೆ — ಇದನ್ನು ಬರೆಯಲು ಕೈ ಹಿಂಜರಿಯುತ್ತದೆ — ಒಳ್ಳೆಯದೇ ಆಯಿತು. ಆಮೇಲೆ ಯಾರ ದನವೂ ನಮ್ಮ ಹೊಲಕ್ಕೆ ಕಾಲಿಡಲಿಲ್ಲ. ನಮ್ಮ ಮನೆದೇವರು ಹಣಮಪ್ಪನೇ ಆ ಹೊಲ ಕಾಯುತ್ತಾನೆ ಎಂದು ಊರಲ್ಲಿ ಮಾತು ಹುಟ್ಟಿತು. ನಿಂಗವ್ವ ಒಂದು ಶನಿವಾರ ಬಂದು, “ತಪ್ಪಾತ್ರೀ ಅವ್ವಾರ,” ಎಂದು ಬದುವಿನ ಮೇಲೆ ಕಾಯಿ ಒಡೆದು ಅರ್ಧ ಹೋಳು ನನ್ನ ಕೈಗಿಟ್ಟಳು. ಬೇಡವೆನ್ನಲಿಲ್ಲ. ಮನೆಗೆ ತಂದು ಚಟ್ನಿ ಮಾಡಿದೆ.

ಆ ಕೂಸು ಭಾಗಿ ಈಗ ಮದುವೆಗೆ ಬಂದ ಹುಡುಗಿ. ಮೊನ್ನೆ ಬೇಸಿಗೆಯಲ್ಲಿ ಬಾಗೇವಾಡಿ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನ ಸೋದರಮಾವ ವಿಚಾರಿಸಿಕೊಂಡು ಹೋಗಲು ನಮ್ಮ ಮನೆಗೂ ಬಂದ. “ಹುಡುಗಿ ಛಲೋ ಅದಾಳ್ರಿ. ಆದ್ರ ತಾಯಿ ಸುಳ್ಳಬುರುಕಿ ಅಂತ ಊರಾಗ ಕೇಳಿದ್ವಿ. ನಿಮ್ಮ ಮ್ಯಾಲೇ ಏನೋ ಸುಳ್ಳ ಹೇಳಿದ್ಲಂತ, ಖರೇ ಏನ್ರಿ ಅವ್ವಾರ?”

ಹಳೆಯದೆಲ್ಲ ಯಾಕೆ, ಒಳ್ಳೆಯ ಮಂದಿ, ಸಂಬಂಧ ಮಾಡಿಕೊಳ್ಳಿ — ಇಷ್ಟು ಹೇಳಿ ಕಳಿಸಬಹುದಿತ್ತು. ನಾಲಗೆಯ ತುದಿಯವರೆಗೆ ಬಂದಿತ್ತು. ಹಾಗೆ ಹೇಳಿದ್ದರೆ ನಾನು ಉದಾರಿ ಆಗುತ್ತಿದ್ದೆ, ಅವಳು ಸುಳ್ಳಬುರುಕಿಯಾಗಿಯೇ ಉಳಿಯುತ್ತಿದ್ದಳು. ಅದು ಹೊಳೆದಾಗ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ನಡೆದದ್ದನ್ನೆಲ್ಲ ಹೇಳಿದೆ.

ಅವನು ಚಹಾದ ಕಪ್ಪು ಕೆಳಗಿಟ್ಟು ಕೇಳಿದ. “ಇದನ್ನ ಅವರ ಮನ್ಯಾಗ ಹೇಳೀರೇನ್ರಿ?”

“ಇಲ್ಲ.”

“ಮದ್ಲ ಅಲ್ಲಿ ಹೇಳ್ರಿ.”

ಆ ಸಂಬಂಧ ಮುಂದೆ ಕೂಡಿತು. ಹುಡುಗ, ಹುಡುಗಿ ಒಬ್ಬರನ್ನೊಬ್ಬರು ಒಪ್ಪಿದರು. ಅದರಲ್ಲಿ ನನ್ನದೇನೂ ಇಲ್ಲ.

ಆ ಸೋದರಮಾವ ಬಂದುಹೋದ ದಿನವೇ, ಬಿಸಿಲು ಇಳಿದ ಮೇಲೆ, ರೇಣವ್ವನ ಮನೆಗೆ ಹೋದೆ. ಕಣ್ಣು ಮಂಜಾದ ನಿಂಗವ್ವ ಕಟ್ಟೆಯ ಮೇಲೆ ಕೂತಿದ್ದಳು. ಮಾಳಪ್ಪ ಹಗ್ಗ ಹೊಸೆಯುತ್ತಿದ್ದ. ರೇಣವ್ವ ಗೋಡೆಗೆ ಒರಗಿ ಶೇಂಗಾ ಸುಲಿಯುತ್ತಿದ್ದಳು. ನನ್ನನ್ನು ನೋಡಿ ಎದ್ದು ಚಾಪೆ ಹಾಸಲು ಹೋದಳು. ಬೇಡ, ಕೂತ್ಕೋ ಎಂದೆ. ಅವಳು ಕೂತ ಮೇಲೆ ನಾನು ನಿಂತೇ ಹೇಳಿದೆ. ಆಕಳು ಬಂದದ್ದನ್ನು ಕಂಡೆ, ಅಟ್ಟಲಿಲ್ಲ. ನೋಡಿಕೊಳ್ಳುತ್ತೇನೆ ಎಂದಿದ್ದೆ, ಮಂದಿಯ ಮುಂದೆ ಇಲ್ಲ ಎಂದೆ. ಸಣ್ಣ ಮಾತು. ಹೇಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಮಾಳಪ್ಪನ ಕೈಯೊಳಗಿನ ಹಗ್ಗ ನಿಂತಿತು. ಅವನು ನನ್ನ ಕಡೆ ನೋಡಲಿಲ್ಲ, ಹೆಂಡತಿಯ ಕಡೆ ನೋಡಿದ. ನಿಂಗವ್ವ, “ಇಷ್ಟ ವರ್ಷ ನಾ ಆಕಿಗೆ...” ಎಂದಳು.

ರೇಣವ್ವ ಶೇಂಗಾ ಸುಲಿಯುವುದನ್ನು ನಿಲ್ಲಿಸಿರಲಿಲ್ಲ. ಕಡೆಗೆ ತಲೆ ಎತ್ತದೆ ಹೇಳಿದಳು: “ಆಕಳದ್ದು ಇರ್ಲಿ ಬಿಡ್ರಿ ಅವ್ವಾರ. ಅವತ್ತ ಕೂಸಿಗೆ ಖರೇನ ಜ್ವರ ಬಂದಿತ್ತು. ಅತ್ತಿ ಬರೂದ್ರೊಳಗ ಇಳದಿತ್ತು. ನಿಮ್ಮ ಮಾತ ಕೇಳಿ, ಜ್ವರಾನೂ ಸುಳ್ಳ ಅಂದ್ರು. ಕೂಸಿನ ಹೆಸರ್ಲೇ ಸುಳ್ಳ ಹೇಳೋ ತಾಯಿ ಅಂದ್ರು.”

ಇದು ನನಗೆ ಗೊತ್ತೇ ಇರಲಿಲ್ಲ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಇದಕ್ಕೆ ಸಲ್ಲುವ ಮಾತು ಒಂದೂ ಇರಲಿಲ್ಲ. ನಿಂತಲ್ಲೇ ಕೈ ಮುಗಿದೆ. ಅವಳು ನೋಡಿದಳೋ ಇಲ್ಲವೋ.

ನಿಂಗವ್ವ ರೂಢಿಯಂತೆ, “ಚಾ ಕುಡದ ಹೋಗ್ರಿ,” ಎಂದಳು. ರೇಣವ್ವ ಏಳಲಿಲ್ಲ. ಏಳು ಎಂದು ಅವಳಿಗೆ ಯಾರೂ ಅನ್ನಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ.