ರೈಲಕ್ಕ ಚುಕ್ಕೆ ಇಟ್ಟದ್ದು

ರೈಲಕ್ಕನ ಮುತ್ತಜ್ಜ ಬಾವಿಗೆ ಬಿದ್ದ ಕೊಡಗಳನ್ನು ಒಂದೇ ಉಸಿರಿಗೆ ಮುಳುಗಿ ಎತ್ತುತ್ತಿದ್ದವನು. ಅಜ್ಜ ಮಾರುಕಟ್ಟೆಯಲ್ಲಿ ತರಕಾರಿ ಹರಾಜು ಕೂಗಲು ನಿಂತರೆ ಉಸಿರು ಕಟ್ಟುತ್ತಿದ್ದದ್ದು ಕೇಳುವವರಿಗೆ. ತಾಯಿ, ಅಂದರೆ ನನ್ನ ತಂಗಿ, ಮಾತು ಶುರು ಮಾಡಿದರೆ ಬೆಕ್ಕು ಕೂಡ ಎದ್ದು ಹೊರಗೆ ಹೋಗುತ್ತಿತ್ತು. ಇಂಥ ವಂಶದವಳು, ನಿಲ್ಲದೆ ಓಡುವ ಮಾತಿಗೇ ರೈಲಕ್ಕ ಎನಿಸಿಕೊಂಡವಳು, ಬರೆಯುವಾಗ ಚುಕ್ಕೆ ಇಡು ಎಂದರೆ ಎಲ್ಲಿಂದ ಇಟ್ಟಾಳು?

ಕಂಬಳಿ ಕಾರ್ಖಾನೆಯ ಆರು ಮಗ್ಗಗಳಲ್ಲಿ ನಾಲ್ಕನೆಯದು ಅವಳದು. ಮಗ್ಗ ಕೆಟ್ಟರೆ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಬರೆದಿಡಬೇಕು. ನನ್ನ ಹಾಗೆ ಅವಳೂ ಆ ಭಾಷೆಯನ್ನು ಡಬ್ಬಿಗಳ ಮೇಲಿನ ಚೀಟಿ ಓದಿಯೇ ಕಲಿತವಳು. ಯಾವ ಮೇಷ್ಟರ ಮುಂದೆಯೂ ಕೈಕಟ್ಟಿ ಕೂತವಳಲ್ಲ. ಆ ವಾರ ಅವಳನ್ನು ಮೇಸ್ತ್ರಿ ಮಾಡುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಮ್ಯಾನೇಜರು ಕರೆಸಿದರು.

“ಮಗ್ಗ ನಿಂತಿದ್ರೂ ಊಟಕ್ಕೆ ಹೋಗಿದ್ರಂತೆ?”

“ಯಾರು ಹೇಳಿದ್ದು ಸಾರ್?”

“ನೀವೇ ಬರೆದಿದ್ದೀರಲ್ಲಮ್ಮ. ಇಂಥವರನ್ನ ಮೇಸ್ತ್ರಿ ಮಾಡೋದು ಹೇಗೆ?”

ಪುಸ್ತಕದಲ್ಲಿ ಹೀಗಿತ್ತು: ದಿ ಲೂಮ್ ಸ್ಟಾಪ್ಡ್ ಆಫ್ಟರ್ ಲಂಚ್ ಐ ಆಯಿಲ್ಡ್ ಇಟ್. ಊಟವಾದ ಮೇಲೆ ಮಗ್ಗ ನಿಂತಿತು, ನಾನು ಎಣ್ಣೆ ಹಾಕಿದೆ ಎಂದು ಅವಳು ಬರೆದದ್ದು. ಮಗ್ಗ ನಿಂತಿತು, ಊಟ ಮುಗಿಸಿ ಬಂದು ಎಣ್ಣೆ ಹಾಕಿದೆ ಎಂದು ಅವರು ಓದಿದ್ದು.

ಪಕ್ಕದಲ್ಲಿದ್ದ ಗುಮಾಸ್ತ ಇಣುಕಿ ನೋಡಿ ನಕ್ಕ. “ರೈಲಕ್ಕ, ಎರಡು ವಾಕ್ಯ ಅಂಟ್ಕೊಂಡಿವೆ. ಚುಕ್ಕೆ ಎಲ್ಲಿ?”

“ನಮ್ಮ ಮಾತಲ್ಲಿ ‘ನಿಂತಿತು’ ಅಂದ್ರೆ ಅಲ್ಲಿಗೆ ಮುಗೀತು. ಚುಕ್ಕೆ ಮರೆತ್ರೂ ಯಾರೂ ದಾರಿ ತಪ್ಪಲ್ಲ.”

“ಇಂಗ್ಲಿಷಲ್ಲಿ ಕ್ರಿಯಾಪದ ನಡುವೇನೇ ಕೂತಿರುತ್ತೆ. ಎಲ್ಲಿ ಮುಗೀತು ಅಂತ ಚುಕ್ಕೆನೇ ಹೇಳ್ಬೇಕು.”

ಅವಳು ‘ಲಂಚ್’ ಆದಮೇಲೆ ಅಲ್ಪವಿರಾಮ ಹಾಕಿದಳು. ಗುಮಾಸ್ತ ತಲೆಯಾಡಿಸಿದ.

“ಅರ್ಥ ಆಯ್ತು, ಆದ್ರೂ ತಪ್ಪೇ. ಎರಡು ಪೂರ್ತಿ ವಾಕ್ಯನ ಅದೊಂದೇ ತಡೆಯಲ್ಲ. ಹೆಸರಲ್ಲೇ ಅಲ್ಪ ಅಂತಿಲ್ವಾ? ಅದರ ಪಕ್ಕ ‘ಸೋ’ ಸೇರಿಸಿ, ಇಲ್ಲಾ ಅದನ್ನ ತೆಗೆದು ಚುಕ್ಕೆ ಇಡಿ.”

ರೈಲಕ್ಕ ಅಲ್ಪವಿರಾಮವನ್ನು ಹೊಡೆದುಹಾಕಿ ಚುಕ್ಕೆ ಒತ್ತಿದಳು. ಕೆಳಗಿನ ಹಾಳೆಯಲ್ಲೂ ಗುಳಿ ಬಿತ್ತು. ಮ್ಯಾನೇಜರು ಮತ್ತೊಮ್ಮೆ ಓದಿದರು.

“ಹಾಗಾದ್ರೆ ನಿಂತ ಕೂಡ್ಲೇ ನೋಡಿದ್ದೀರಿ.”

“ಮತ್ತೆ? ಬಾಯಿ ಒರೆಸ್ಕೊಳ್ಳೋಕೂ ಬಿಡ್ಲಿಲ್ಲ ಸಾರ್ ಅದು.”

ಅವರು ನಗು ತಡೆದುಕೊಂಡು, ಸೋಮವಾರದಿಂದ ನೀವೇ ಮೇಸ್ತ್ರಿ, ಆರೂ ಮಗ್ಗಗಳ ವರದಿ ನೀವೇ ಕೊಡಬೇಕು ಎಂದರು.

ಹೊರಗೆ ಬಂದಾಗ ಗುಮಾಸ್ತನಿಗೆ ಕನಿಕರ ಹುಟ್ಟಿತು. “ಆರು ಮಗ್ಗ ಅಂದ್ರೆ ಬರೆಯೋದು ಬಹಳ. ನೀವು ಬಾಯಲ್ಲಿ ಹೇಳಿ, ನಾನು ಬರ್ಕೊಡ್ತೀನಿ.”

“ಬೇಡಣ್ಣ. ನಾನು ಹೇಳೋಕೆ ಶುರು ಮಾಡಿದ್ರೆ ನಿಮ್ಮ ಕೈ ಬಿದ್ದುಹೋಗುತ್ತೆ. ಪೆನ್ನು ಇತ್ತ ಕೊಡಿ, ನಾನೇ ಬರೀತೀನಿ.”