ಮೊಟ್ಟೆಯ ಕೆಳಗಿನ ಬ್ರೆಡ್ಡು

ಬೆಳಗಿನ ಐದೂಕಾಲು. ಇಂಗ್ಲೆಂಡಿನ ಗ್ರಿಮ್ಸ್‌ಬಿ ಬಂದರಿನ ಮೀನು ಮಾರುಕಟ್ಟೆಯ ಹಿಂದಿನ ಪುಟ್ಟ ಹೋಟೆಲಿನಲ್ಲಿ ಗ್ಲೆನಿಸ್ ಬ್ಲ್ಯಾಂಚರ್ಡ್ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದಾರೆ. ಸಾಸೇಜ್ ಹೊರಳಿಸುತ್ತಾರೆ, ಬೀನ್ಸ್ ಕಲಕುತ್ತಾರೆ, ಬಾಗಿಲ ಕಡೆ ನೋಡುತ್ತಾರೆ, ಮತ್ತೆ ಸಾಸೇಜ್. ಬೇಕನ್ ಎಂಬ ಹಂದಿಮಾಂಸದ ಪಟ್ಟಿ ಬಿಟ್ಟ ಕೊಬ್ಬಿನಲ್ಲಿ ಬ್ರೆಡ್ಡಿನ ಹೋಳು ಹುರಿದು ತಟ್ಟೆಗಿಟ್ಟು, ಯಾರ ಕಣ್ಣಿಗೂ ಬೀಳುವ ಮೊದಲೇ ಅದರ ಮೇಲೆ ಎರಡು ಮೊಟ್ಟೆ ಜಾರಿಸುತ್ತಾರೆ.

ಇದು ಕದ್ದು ಮಾಡುವ ಕೆಲಸ. ಹೋಟೆಲನ್ನು ಹೊಸದಾಗಿ ಕೊಂಡ ನೈಜೆಲ್ ಮೂರು ವಾರದ ಹಿಂದೆ ಹುರಿದ ಬ್ರೆಡ್ಡನ್ನು ತಿಂಡಿಪಟ್ಟಿಯ ಫಲಕದಿಂದ ಅಳಿಸಿ, ಆ ಜಾಗಕ್ಕೆ ಹ್ಯಾಶ್ ಬ್ರೌನ್ ಎಂಬ ಆಲೂಗಡ್ಡೆ ಬಿಲ್ಲೆ ತಂದಿದ್ದಾನೆ. ಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿ ಬರುತ್ತದೆ, ಎಣ್ಣೆಗೆ ಬಿಟ್ಟರಾಯಿತು. ಇನ್ನು ಬ್ರೆಡ್ಡು ಕಂಡರೆ ಬೇರೆ ಅಡುಗೆಯವರನ್ನು ಹುಡುಕುತ್ತೇನೆ ಎಂದೂ ಹೇಳಿದ್ದಾನೆ. ಗ್ಲೆನಿಸ್‌ಗೆ ಅರವತ್ತೆರಡು. ಮನೆಯಲ್ಲಿ ಹಾಸಿಗೆ ಹಿಡಿದ ಗಂಡ. ಈ ಕೆಲಸ ಹೋದರೆ ಬೇರೆ ಗತಿಯಿಲ್ಲ.

"ಮೂವತ್ತೊಂದು ವರ್ಷ, ದಿನಕ್ಕೆ ತೊಂಬತ್ತು ತಟ್ಟೆ," ಎಂದು ಕಟ್ಟೆಯಾಚೆಯ ಗಿರಾಕಿಯೊಬ್ಬನಿಗೆ ಹೇಳುತ್ತಾರೆ, ಕೈ ನಿಲ್ಲಿಸದೆ. "ಬೇಕನ್ನು, ಆ ರಕ್ತದ ಬ್ಲ್ಯಾಕ್ ಪುಡಿಂಗು, ಅಣಬೆ, ಟೊಮೆಟೊ ಎಲ್ಲಾ ನೆಂಟ್ರು ಕಣಪ್ಪ. ಬ್ರೆಡ್ಡು ಮನೆಯೋರು. ಮನೆಯೋರನ್ನ ಆಚೆ ಹಾಕಿ ನೆಂಟ್ರಿಗೆ ಊಟ ಹಾಕ್ತಾರಾ?"

ಗಿರಾಕಿಗಳಿಗೆಲ್ಲ ಗುಟ್ಟು ಗೊತ್ತು, ಯಾರೂ ಬಾಯಿ ಬಿಟ್ಟಿಲ್ಲ. ಮೀನಿನ ಪೆಟ್ಟಿಗೆ ಹೊರುವ ಟ್ರೆವರ್ ಮಾತ್ರ ಕಾಲೆಳೆಯುತ್ತಾನೆ: "ಏನ್ ಗ್ಲೆನಿಸ್, ನನ್ನ ಮೊಟ್ಟೆ ಇವತ್ತು ಮಾಳಿಗೆ ಹತ್ತಿ ಕೂತಿದೆಯಲ್ಲಾ?"

"ಮುಚ್ಕೊಂಡು ತಿನ್ನೋ."

ಏಳು ಗಂಟೆಗೆ ನೈಜೆಲ್ ಬರುತ್ತಾನೆ. ಎಂದೂ ಇಲ್ಲಿ ತಿನ್ನದವನು ಕಿಟಕಿಯ ಮೇಜಿಗೆ ಕುಳಿತು ತನಗೂ ಒಂದು ತಟ್ಟೆ ಹೇಳುತ್ತಾನೆ. ಅವನೊಬ್ಬನ ತಟ್ಟೆಗೆ ಬ್ರೆಡ್ಡು ಹಾಕದಿದ್ದರೆ ಯಾವ ತಂಟೆಯೂ ಇಲ್ಲ. ಬೆಳಗಿನಿಂದ ಒಂದು ಕ್ಷಣವೂ ನಿಲ್ಲದ ಗ್ಲೆನಿಸ್ ಕೈ ಈಗ ನಿಲ್ಲುತ್ತದೆ. ಆಮೇಲೆ ಅವರು ಬ್ರೆಡ್ಡು ಹುರಿಯುತ್ತಾರೆ, ಮೊಟ್ಟೆ ಹೊದಿಸಿ, ಪಕ್ಕದಲ್ಲಿ ಆಲೂಗಡ್ಡೆ ಬಿಲ್ಲೆಯನ್ನೂ ಇಟ್ಟು ಕಳಿಸುತ್ತಾರೆ.

ನೈಜೆಲ್ ಮೊಟ್ಟೆ ಕತ್ತರಿಸುತ್ತಾನೆ. ಚಾಕು ಗಟ್ಟಿಯಾದುದಕ್ಕೆ ತಾಗುತ್ತದೆ. ಅಡುಗೆಮನೆಯ ಕಡೆ ತಲೆ ಎತ್ತುತ್ತಾನೆ. ಗ್ಲೆನಿಸ್ ಬೆನ್ನು ತಿರುಗಿಸಿ, ಸ್ವಚ್ಛವಾಗಿಯೇ ಇರುವ ಕಾವಲಿಯನ್ನು ಗಸಗಸ ಉಜ್ಜುತ್ತಾರೆ. ಹೊರಡುವಾಗ ಅವನು ಒಂದೇ ಮಾತು ಹೇಳುತ್ತಾನೆ: "ಶನಿವಾರ ಮಾತಾಡೋಣ."

ಇವತ್ತು ಗುರುವಾರ. ಎರಡು ರಾತ್ರಿ ನಿದ್ದೆ ಬರುವುದಿಲ್ಲ ಎಂದು ಗೊಣಗುತ್ತಲೇ ಅವನ ತಟ್ಟೆ ತರಲು ಹೋಗುತ್ತಾರೆ. ಆಲೂಗಡ್ಡೆ ಬಿಲ್ಲೆ ಇಟ್ಟಲ್ಲೇ ಇದೆ. ಬ್ರೆಡ್ಡಿನ ಒಂದು ಚೂರೂ ಉಳಿದಿಲ್ಲ, ಮೊಟ್ಟೆಯ ಹಳದಿಯ ಒಂದು ತೊಟ್ಟೂ ಇಲ್ಲ.

ಗ್ಲೆನಿಸ್ ಆ ತಟ್ಟೆಯನ್ನು ತೊಳೆಯಲು ಹಾಕದೆ ಗಿರಾಕಿಗಳ ಎದುರಿಗೆ ಹಿಡಿಯುತ್ತಾರೆ. "ಶನಿವಾರ ಏನ್ ಬೇಕಾದ್ರೂ ಹೇಳ್ಲಿ. ಬಾಯಿ ಬ್ರೆಡ್ಡು ಬೇಡ ಅಂದಿತ್ತು, ಕೈ ಅದರಲ್ಲೇ ತಟ್ಟೆ ಒರೆಸ್ಕೊಂಡು ತಿಂದಿದೆ."