ಲಾಲಸಾಬನ ಅಂಗೈ

“ಅವ್ವಾ, ಲಾಲಸಾಬ್ ತಾತ ಯಾಕ ಗ್ವಾಡಿಗೆ ಕೈ ಹಚ್ಚಿ ನಿಂತಾನ?”

ಸಾಲಿ ಮುಗಿಸಿ ಬಂದ ಕೊಟ್ರಿ ಕೇಳಿದಾಗ ಅವಳ ತಾಯಿ ಸುನಂದಾ ವಸ್ತುಸಂಗ್ರಹಾಲಯದಲ್ಲಿ ತಾನೇ ಬರೆದ ಹೊಸ ಫಲಕಗಳನ್ನು ಒರೆಸುತ್ತಿದ್ದಳು. ಬಳ್ಳಾರಿಯಲ್ಲಿ ಅದಿರಿನ ಲಾರಿಗಳು ಹೆಚ್ಚಿದ ಮೇಲೆ ಬೆಳಿಗ್ಗೆ ಒರೆಸಿದ್ದು ಮಧ್ಯಾಹ್ನಕ್ಕೆ ಧೂಳಿನಿಂದ ಮತ್ತೆ ಕೆಂಪು.

ಬಾಗಿಲು ಕಾಯುವ ಲಾಲಸಾಬ್ ಪಕ್ಕದ ಹಳ್ಳಿ ಸಂಗನಕಲ್ಲಿನವನು. ಗಣಿಯಲ್ಲಿ ಬಂಡೆ ಕೊರೆಯುವ ಕೆಲಸ ಅವನ ಎರಡೂ ಕಿವಿಗಳನ್ನು ತಿಂದುಹಾಕಿತ್ತು. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದ.

ಮ್ಯೂಸಿಯಮ್ಮಿಗೆ ಈಗ ಹೊಸ ಕಳೆ. ಗಾಲಿಕುರ್ಚಿಯವರಿಗೆ ಇಳಿಜಾರು ದಾರಿ, ಗೋಡೆಯಲ್ಲಿ ಟಿ.ವಿ.ಯಂಥ ಪರದೆ. ಅದರ ಗುಂಡಿ ಒತ್ತಿದರೆ ಸಂಗನಕಲ್ಲು ಗುಡ್ಡದ ಕಲ್ಲೊಂದು ಗಂಟೆಯಂತೆ ಮೊಳಗುವ ಸದ್ದು. ಹುಡುಗನಾಗಿದ್ದಾಗ ಕುರಿ ಮೇಯಿಸುತ್ತ ಲಾಲಸಾಬ್ ಬಾರಿಸುತ್ತಿದ್ದದ್ದು ಅದೇ ಕಲ್ಲು. “ಅದು ಹಾಡೂದು ಮೊದಲು ಅಂಗೈಗೆ ಗೊತ್ತಾಗತೈತ್ರಿ, ಆಮ್ಯಾಲೆ ಕಿವಿಗೆ,” ಎನ್ನುತ್ತಿದ್ದ. ಆ ಬಂಡೆ ಜಲ್ಲಿಯಾಗಿ ಎಷ್ಟೋ ಕಾಲವಾಗಿತ್ತು. ಯಾರೋ ಮುಂಚೆಯೇ ಹಿಡಿದಿಟ್ಟಿದ್ದ ಸದ್ದಷ್ಟೇ ಉಳಿದಿತ್ತು. ಅದು ಅಂಗೈಗಾದರೂ ಸಿಕ್ಕೀತೆಂದು ಅವನು ಕಾದಿದ್ದ.

ಮಕ್ಕಳ ಕೈಗೆ ಸಿಗಬಾರದೆಂದು ಜೋಡಿಸುವವರು ಸ್ಪೀಕರನ್ನು ಸೂರಿನ ಹತ್ತಿರ ಏರಿಸಿಬಿಟ್ಟಿದ್ದರು. ಲಾಲಸಾಬ್ ಗುಂಡಿ ಒತ್ತಿ, ಅದರ ಕೆಳಗೆ ಗೋಡೆಗೆ ಅಂಗೈ ಹಚ್ಚಿ ನಿಂತಿದ್ದ. ತಟ್ಟನೆ ಅವನ ಮುಖ ಅರಳಿತು.

“ಬಂತ್ರೀ ಅಕ್ಕಾರ! ಹಾಡಾಕತ್ತೈತಿ!”

ಅವನ ಕಣ್ಣು ತುಂಬಿತ್ತು. ಸುನಂದಾ ತಲೆಯೆತ್ತಿ ನೋಡಿದಳು. ಕರೆಂಟು ಹೋಗಿ ಪರದೆ ಕಪ್ಪಾಗಿತ್ತು. ಹೊರಗೆ ಅದಿರು ಹೊತ್ತ ಲಾರಿಯೊಂದು ನೆಲ ನಡುಗಿಸುತ್ತ ಹಾದುಹೋಗುತ್ತಿತ್ತು.

ಹೌದು ಅಂದುಬಿಡೋಣವೇ ಎಂದು ಸುನಂದಾಗೆ ಅನ್ನಿಸಿತು. ಅವಳು ತುಟಿ ತೆರೆಯುವಷ್ಟರಲ್ಲಿ ಕೊಟ್ರಿ ತಾತನ ಮುಂದೆ ನಿಂತು, ಎರಡೂ ಕೈಯಲ್ಲಿ ಲಾರಿಯ ಸ್ಟೇರಿಂಗ್ ತಿರುಗಿಸಿದಂತೆ ಮಾಡಿ ತೋರಿಸಿದಳು. ಆಮೇಲೆ ಕಪ್ಪು ಪರದೆಯ ಕಡೆ ಬೆರಳು ಮಾಡಿದಳು.

ಲಾಲಸಾಬ್ ಗೋಡೆಯಿಂದ ಕೈ ತೆಗೆದ.

“ಲಾರಿ ನಡುಕಕ್ಕ ಕಣ್ಣೀರು ಹಾಕಿದ್ನೇನ್ಲೇ ನಾನು?” ಎಂದು ಅವಳ ಕೆನ್ನೆ ಹಿಂಡಿದ. ನಗು ಅರ್ಧಕ್ಕೇ ನಿಂತಿತು.

ಸುನಂದಾ ಅವನ ಎದುರಿಗೆ ಬಂದು ನಿಧಾನವಾಗಿ ಹೇಳಿದಳು: “ನಾಳಿಗೇ ಸ್ಪೀಕರ್ ಕೆಳಗ ಇಳಿಸ್ತೀನಿ. ಕೈಗೆ ಸಿಗೂವಂಗ. ಹುಡುಗರು ಮುಟ್ಟಿದ್ರ ಮುಟ್ಲಿ.”

ಅವನು ತನ್ನ ಅಂಗೈಯನ್ನೇ ನೋಡುತ್ತ ನಿಂತ. ಗೋಡೆಯ ಕೆಂಪು ಧೂಳು ಗೆರೆಗಳಲ್ಲಿ ಕೂತಿತ್ತು. ಅದನ್ನು ಅಂಗಿಗೆ ಒರೆಸಿಕೊಂಡ.

“ಒಂದು ಉಪಕಾರ ಮಾಡ್ರಿ ಅಕ್ಕಾರ. ಲಾರಿ ಇಲ್ಲದ ಹೊತ್ತು ನೋಡಿ ಗುಂಡಿ ಒತ್ರಿ. ಒತ್ತೀನಿ ಅಂತ ಮಾತ್ರ ನನಗ ಮುಂಚೆ ಹೇಳಬ್ಯಾಡ್ರಿ. ನನ್ನ ಕೈಗೇ ಗೊತ್ತಾಗ್ಲಿ.”